ತಮ್ಮ ಅಮೆರಿಕಾದಿಂದ ಅರ್ಜಿ ಹಾಕಿದ್ದಾನೆ, ನಮ್ಮ ಸರದಿ ಯಾವಾಗ?



ಕಳೆದ ಮಳೆಗಾಲದಲ್ಲಿ ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ನಿರ್ಣಯ ಪುಸ್ತಕದಲ್ಲಿ ಒಂದು ಸಾಲದ ಬೇಡಿಕೆ ಬರೆದಿತ್ತು. ಮೊತ್ತ ಒಂದೂವರೆ ಲಕ್ಷ, ಉದ್ದೇಶ 'ಅಮೆರಿಕಾ ವೀಸಾ'. ಕೇಳಿದ ಸದಸ್ಯೆಗೆ ನಲವತ್ತಾರು ವರ್ಷ. ಅವರ ತಮ್ಮ ಅಮೆರಿಕಾಕ್ಕೆ ನರ್ಸ್ ಆಗಿ ಹೋದವನು, ಈಗ ಅಲ್ಲಿಯ ಪೌರ. ಅಕ್ಕನ ಸಂಸಾರವನ್ನು ಕರೆಸಿಕೊಳ್ಳಲು 2016ರಲ್ಲಿ ಅರ್ಜಿ ಹಾಕಿದ್ದಾನೆ, ಅದು ಅಂಗೀಕಾರವೂ ಆಗಿದೆ. ಪೇಟೆಯ ಏಜೆಂಟನೊಬ್ಬ ಆ ಕಾಗದ ನೋಡಿ, "ಅಪ್ರೂವ್ ಆಗಿದೆಯಲ್ಲ, ಇನ್ನು ಒಂದು ವರ್ಷದೊಳಗೆ ಕೆಲಸ ಆಗ್ತದೆ, ಮುಂಗಡ ಕೊಡಿ" ಅಂದಿದ್ದನಂತೆ. "ಸಾಲ ಸಿಕ್ಕಿದ್ರೆ ಸಾಕು ಸಿಸ್ಟರ್, ಉಳಿದದ್ದಕ್ಕೆ ಹಸು ಮಾರ್ತೇನೆ" ಅಂದರು ಅವರು.

ಆ ಕಾಗದ ಸುಳ್ಳಲ್ಲ, ಅಂಗೀಕಾರವೂ ನಿಜವೇ. ಆದರೆ ಅಂಗೀಕಾರ ಎಂದರೆ 'ಇವರಿಬ್ಬರೂ ಒಡಹುಟ್ಟಿದವರು ಹೌದು' ಎಂದು ಆ ಸರಕಾರ ಒಪ್ಪಿದೆ ಅಂತ ಮಾತ್ರ. ವೀಸಾ ಸಿಕ್ಕಿತು ಅಂತ ಅಲ್ಲ. ಸಾಲಕ್ಕೆ ಸಹಿ ಹಾಕುವ ಮೊದಲು ಈ ವ್ಯತ್ಯಾಸ ಎಲ್ಲರಿಗೂ ತಿಳಿದಿರಲಿ ಅಂತ ಈ ಸಲ ಇದನ್ನೇ ಬರೆಯುತ್ತಿದ್ದೇವೆ.

ಮೊದಲು ಕೇಳಬೇಕಾದದ್ದು: ಕರೆಸುವವರು ಅಲ್ಲಿ ಏನಾಗಿದ್ದಾರೆ? ಬರೇ ಕೆಲಸದ ವೀಸಾದಲ್ಲಿ ಇರುವವರು ಈ ದಾರಿಯಲ್ಲಿ ಯಾರನ್ನೂ ಕಾಯಂ ಆಗಿ ಕರೆಸಿಕೊಳ್ಳಲು ಆಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರು ಗಂಡ ಅಥವಾ ಹೆಂಡತಿಗೆ, ಮದುವೆಯಾಗದ ಮಕ್ಕಳಿಗೆ ಅರ್ಜಿ ಹಾಕಬಹುದು. ತಂದೆ ತಾಯಿಗೆ, ಅಣ್ಣತಮ್ಮ ಅಕ್ಕತಂಗಿಯರಿಗೆ, ಮದುವೆಯಾದ ಮಕ್ಕಳಿಗೆ ಹಾಕಬೇಕಾದರೆ ಪೌರತ್ವವೇ ಬೇಕು. ಅತ್ತೆ ಮಾವ, ಅಜ್ಜಿ, ನಾದಿನಿ, ಅಕ್ಕನ ಮಗ, ಇವರಿಗೆ ನೇರವಾಗಿ ಹಾಕುವ ದಾರಿಯೇ ಇಲ್ಲ. ಇದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು ಸರದಿ. ಪೌರರ ಗಂಡ ಅಥವಾ ಹೆಂಡತಿ, 21 ತುಂಬದ ಮದುವೆಯಾಗದ ಮಕ್ಕಳು, ತಂದೆ ತಾಯಿ, ಇವರಿಗೆ ಸಂಖ್ಯೆಯ ಮಿತಿ ಇಲ್ಲ, ಆದ್ದರಿಂದ ಕ್ಯೂ ಇಲ್ಲ. ಕಾಗದ ಪರಿಶೀಲನೆಗೆ ಹಿಡಿಯುವ ಸಮಯ ಮಾತ್ರ, ಅದೂ ವರ್ಷ ದಾಟಬಹುದು. ಉಳಿದ ಎಲ್ಲರಿಗೂ ಕ್ಯೂ ಇದೆ. ಒಡಹುಟ್ಟಿದವರ ಕ್ಯೂ ಎಲ್ಲಕ್ಕಿಂತ ಉದ್ದ. ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ ಸುಮಾರು 65,000 ವೀಸಾ. ಅದರಲ್ಲೇ ಅವರ ಗಂಡಂದಿರು, ಹೆಂಡತಿಯರು, ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಮೇಲಾಗಿ ಒಂದು ದೇಶಕ್ಕೆ ಒಟ್ಟಿನ ನೂರಕ್ಕೆ ಏಳರಷ್ಟು ಎಂಬ ಮಿತಿಯೂ ಇರುವುದರಿಂದ ನಮ್ಮಂಥ ದೊಡ್ಡ ದೇಶದವರು ಹಿಂದೆ ಬೀಳುತ್ತಾರೆ.

ಯಾರ ಸರದಿ ನಡೆಯುತ್ತಿದೆ ಎಂದು ಅಮೆರಿಕಾದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು 'ವೀಸಾ ಬುಲೆಟಿನ್' ಎಂಬ ಪಟ್ಟಿ ಹೊರಡಿಸುತ್ತದೆ. ನೋಡಲು ದುಡ್ಡು ಕೊಡಬೇಕಾಗಿಲ್ಲ. 2025ರಲ್ಲಿ ಆ ಪಟ್ಟಿಯಲ್ಲಿ ಭಾರತದ ಒಡಹುಟ್ಟಿದವರ ಸಾಲಿನಲ್ಲಿ 2006ರಲ್ಲಿ ಅರ್ಜಿ ಹಾಕಿದವರ ಸರದಿ ನಡೆಯುತ್ತಿತ್ತು. ಸಭೆಯಲ್ಲಿ ಇದನ್ನು ಹೇಳಿದಾಗ ಯಾರೂ ಮಾತಾಡಲಿಲ್ಲ. 2016ರ ಅರ್ಜಿಯ ಮುಂದೆ ಇನ್ನೂ ಹತ್ತು ವರ್ಷಗಳ ಅರ್ಜಿಗಳು ನಿಂತಿವೆ. ಕ್ಯೂ ದಿನಕ್ಕೊಂದು ದಿನ ಮುಂದೆ ಹೋಗುವುದೂ ಇಲ್ಲ. ಕೆಲವು ತಿಂಗಳು ನಿಂತಲ್ಲೇ ನಿಲ್ಲುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಹೋಗುತ್ತದೆ. ಅಕ್ಕನಿಗೆ ಕರೆ ಬರುವಾಗ ಅರವತ್ತು ಸಮೀಪಿಸಿರಬಹುದು. ಹಣ ಕೊಟ್ಟು ಈ ಸರದಿಯನ್ನು ಮುಂದೆ ತರಲು ಏಜೆಂಟನಿಂದಲೂ ಆಗುವುದಿಲ್ಲ, ವಕೀಲರಿಂದಲೂ ಆಗುವುದಿಲ್ಲ.

ಮಕ್ಕಳ ವಿಷಯ ಇನ್ನೂ ನೋವಿನದು. ಅಕ್ಕನ ಜೊತೆ ಹೋಗಬಹುದಾದವರು ಗಂಡ ಮತ್ತು 21 ತುಂಬದ ಮದುವೆಯಾಗದ ಮಕ್ಕಳು. ಅರ್ಜಿ ಕಚೇರಿಯ ಪರಿಶೀಲನೆಯಲ್ಲಿ ಕುಳಿತಿದ್ದ ಕಾಲವನ್ನು ಮಗುವಿನ ವಯಸ್ಸಿನಿಂದ ಕಳೆಯಲು 2002ರ ಒಂದು ಕಾನೂನು ಅವಕಾಶ ಕೊಡುತ್ತದೆ. ಆದರೂ ಇಷ್ಟು ಉದ್ದದ ಕ್ಯೂವಿಗೆ ಅದು ಸಾಲುವುದು ಕಡಿಮೆ. ಆ ಸದಸ್ಯೆಯ ಮಗಳಿಗೆ ಈಗಲೇ ಹದಿನೇಳು. "ಮಗಳಿಗೋಸ್ಕರವೇ ಅಲ್ವಾ ಸಿಸ್ಟರ್ ನಾನು ಹೊರಟದ್ದು" ಅಂದರು. ನಮಗೆ ಉತ್ತರ ಹೊಳೆಯಲಿಲ್ಲ. ಹಾಗೆಯೇ, ಗ್ರೀನ್ ಕಾರ್ಡ್ ಇರುವ ತಂದೆಯ ಅರ್ಜಿಯಲ್ಲಿ ಕಾಯುತ್ತಿರುವ ಮಗಳು ಈ ನಡುವೆ ಮದುವೆಯಾದರೆ ಆ ಅರ್ಜಿಯೇ ಬಿದ್ದುಹೋಗುತ್ತದೆ. ಮದುವೆ ಮಾತುಕತೆಗೆ ಕೂರುವ ಮೊದಲು ಇದು ಮನೆಯವರಿಗೆ ತಿಳಿದಿರಬೇಕು. ಇನ್ನೊಂದು: ಪೌರಳಾದ ಮಗಳು ತಾಯಿಗೆ ಅರ್ಜಿ ಹಾಕಿದರೆ ತಾಯಿಯ ಜೊತೆ ಮನೆಯಲ್ಲಿರುವ ಚಿಕ್ಕ ಮಗ ಸೇರುವುದಿಲ್ಲ. ತಂದೆಗೂ ಬೇರೆಯೇ ಅರ್ಜಿ ಬೇಕು.

ಇನ್ನು ಖರ್ಚು. ಕರೆಸುವವರು ಹಾಕುವ ಮೊದಲ ಅರ್ಜಿಯ ಹೆಸರು ಐ-130. ಅದಕ್ಕೆ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಆದರೆ 625 ಡಾಲರ್, ಕಾಗದದಲ್ಲಾದರೆ 675 ಡಾಲರ್ ಎಂದು ನಿಗದಿ ಮಾಡಿದರು. ಇದನ್ನು ಅವರೇ ಅಲ್ಲಿ ಕಟ್ಟುತ್ತಾರೆ. ಸರದಿ ಹತ್ತಿರ ಬಂದಾಗ ಕಡತವು ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಬರುತ್ತದೆ. ಆಗ ಒಬ್ಬೊಬ್ಬರಿಗೆ 325 ಡಾಲರ್, ಬೆಂಬಲದ ಪ್ರಮಾಣಪತ್ರಕ್ಕೆ ಒಟ್ಟಾಗಿ 120 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ ಒಬ್ಬರಿಗೆ 27,000 ದಾಟುತ್ತದೆ. ಆಮೇಲೆ ಡಾಕ್ಟರ ತಪಾಸಣೆ, ಮುಂಬೈಗೆ ಹೋಗಿಬರುವ ಖರ್ಚು, ವೀಸಾ ಬಂದ ಮೇಲೆ ಒಬ್ಬರಿಗೆ 235 ಡಾಲರ್. ಹಣ ಬೇಕು, ಇಲ್ಲ ಅಂತ ಅಲ್ಲ. ಆದರೆ ಅದು ಬೇಕಾಗುವುದು ಸರದಿ ಬಂದಾಗ. ಇವತ್ತು ಸಾಲ ಎತ್ತಿ ಬಡ್ಡಿ ಕಟ್ಟುವುದು ಯಾವುದಕ್ಕೆ?

ಆ ಬೆಂಬಲದ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಕರೆಸುವವರ ಆದಾಯ ಅಲ್ಲಿಯ ಬಡತನ ರೇಖೆಯ ಶೇಕಡಾ 125ರಷ್ಟಾದರೂ ಇರಬೇಕು. ಸಾಲದಿದ್ದರೆ ಇನ್ನೊಬ್ಬರು ಜೊತೆ ನಿಲ್ಲಬಹುದು. ಗಂಡ ಹೆಂಡತಿಗೆ ಬರೆದುಕೊಟ್ಟ ಈ ಹೊಣೆ ವಿಚ್ಛೇದನ ಆದ ಮಾತ್ರಕ್ಕೆ ಮುಗಿಯುವುದಿಲ್ಲ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಹೋದ ಹೆಂಡತಿಗೆ ಎರಡು ವರ್ಷದ ಷರತ್ತಿನ ಕಾರ್ಡು ಸಿಗುತ್ತದೆ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಸೇರಿ ಅರ್ಜಿ ಹಾಕಬೇಕು. "ನಾನು ಸಹಿ ಹಾಕದಿದ್ರೆ ನಿನ್ನನ್ನು ಊರಿಗೆ ಕಳಿಸ್ತಾರೆ" ಎಂದು ಹೊಡೆಯುವ ಗಂಡಸರೂ ಇದ್ದಾರೆ. ಹಿಂಸೆ ಇರುವಲ್ಲಿ ಗಂಡನ ಸಹಿ ಇಲ್ಲದೆ ಹೆಂಡತಿ ಒಬ್ಬಳೇ ಅರ್ಜಿ ಹಾಕಲು ಅಲ್ಲಿಯ ಕಾನೂನಿನಲ್ಲಿ ಅವಕಾಶ ಇದೆ. ಮಗಳನ್ನು ಕಳಿಸುವ ಮೊದಲು ಈ ಮಾತು ಅವಳ ಕಿವಿಯಲ್ಲಿ ಹಾಕಿ.

ಕಾಯುವ ಕಾಲದಲ್ಲಿ ಮಾಡಬಹುದಾದ ಕೆಲಸ ಎಂದರೆ ದಾಖಲೆ ಸರಿಮಾಡಿಕೊಳ್ಳುವುದು. ನಮ್ಮವರು ಎಡವುವುದು ಇಲ್ಲೇ. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಮದುವೆಯಾದ ಮೇಲೆ ಆಧಾರಿನಲ್ಲಿ ಮತ್ತೊಂದು. ತಮ್ಮನ ದಾಖಲೆಯಲ್ಲೂ ಅಕ್ಕನ ದಾಖಲೆಯಲ್ಲೂ ತಂದೆ ತಾಯಿಯ ಹೆಸರು ಒಂದೇ ರೀತಿ ಇರಬೇಕು, ಯಾಕೆಂದರೆ ಸಂಬಂಧ ಸಾಬೀತಾಗುವುದೇ ಅದರಿಂದ. ಮನೆಯಲ್ಲೇ ಹೆರಿಗೆಯಾಗಿ ಜನನ ನೋಂದಣಿ ಆಗದವರು ನೋಂದಣಿ ಕಚೇರಿಯಿಂದ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ಪಡೆಯಬೇಕು. ಅದರ ಜೊತೆ ಶಾಲೆಯ ಅಥವಾ ಜ್ಞಾನಸ್ನಾನದ ಪ್ರಮಾಣಪತ್ರ ಮತ್ತು ಹುಟ್ಟಿದ್ದು ಗೊತ್ತಿರುವ ಹಿರಿಯರ ಅಫಿಡವಿಟ್ ಇಡಬೇಕು. ಆ ಹಿರಿಯರು ಬದುಕಿರುವಾಗಲೇ ಈ ಕೆಲಸ ಮಾಡಿಸಿಕೊಳ್ಳಿ. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು, ಅನುವಾದ ಸರಿಯಾಗಿದೆ ಎಂದು ಮಾಡಿದವರ ಸಹಿಯೂ ಬೇಕು. ಮದುವೆ ಸರಕಾರದಲ್ಲಿ ನೋಂದಣಿ ಆಗದಿದ್ದರೆ ಈಗಲೇ ಮಾಡಿಸಿ.

ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಕಚೇರಿಯಿಂದ ಸಿಗುತ್ತದೆ. ಅದನ್ನು ಸಂದರ್ಶನ ಹತ್ತಿರ ಬಂದಾಗ ಮಾಡಿಸಿದರೆ ಸಾಕು, ಹಳೆಯದು ನಡೆಯುವುದಿಲ್ಲ. ಆದರೆ ಹದಿನಾರು ತುಂಬಿದ ಮೇಲೆ ಕುವೈತಿನಲ್ಲೋ ದುಬೈಯಲ್ಲೋ ಒಂದು ವರ್ಷ ಅಥವಾ ಹೆಚ್ಚು ಇದ್ದವರಿಗೆ ಆ ದೇಶದ ಪೊಲೀಸ್ ಪತ್ರವೂ ಬೇಕಾಗುತ್ತದೆ. ನಮ್ಮ ಸಂಘಗಳಲ್ಲಿ ಗಲ್ಫಿನಲ್ಲಿ ದುಡಿದು ಬಂದವರು ಬಹಳ. ಹಳೆಯ ಪಾಸ್‌ಪೋರ್ಟು, ಅಲ್ಲಿಯ ಗುರುತು ಚೀಟಿಯ ಪ್ರತಿ ಬಿಸಾಡಬೇಡಿ. ಹಾಗೆಯೇ ವಿಳಾಸ, ಇಮೇಲ್ ಬದಲಾದಾಗ ತಿಳಿಸುತ್ತಾ ಇರಿ. ಸರದಿ ಬಂದ ಸೂಚನೆಗೆ ಒಂದು ವರ್ಷ ಉತ್ತರ ಕೊಡದಿದ್ದರೆ ಕಡತ ಮುಚ್ಚಿ ಹೋಗಬಹುದು.

ಸಂದರ್ಶನ ಹೆಚ್ಚಾಗಿ ಮುಂಬೈನ ಕಾನ್ಸುಲೇಟಿನಲ್ಲಿ. ತಪಾಸಣೆ ಅವರು ನೇಮಿಸಿದ ಡಾಕ್ಟರಲ್ಲೇ ಆಗಬೇಕು, ನಮ್ಮೂರ ಆಸ್ಪತ್ರೆಯ ಪತ್ರ ನಡೆಯುವುದಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿ. ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ ಜೀವಮಾನವಿಡೀ ಅಡ್ಡಿಯಾಗಬಹುದು. ಕಾಗದ ಮಾಡಿಕೊಟ್ಟ ಏಜೆಂಟನಿಗೆ ಏನೂ ಆಗುವುದಿಲ್ಲ. 'ನಿಮಗೆ ಗ್ರೀನ್ ಕಾರ್ಡ್ ಲಾಟರಿ ಹೊಡೆದಿದೆ' ಎಂಬ ಸಂದೇಶವೂ ಬರುತ್ತದೆ. ಭಾರತದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಆ ಲಾಟರಿಯಲ್ಲಿ ಅವಕಾಶವೇ ಇಲ್ಲ.

ಮಗಳ ಬಾಣಂತನಕ್ಕೆ ಕೆಲವು ತಿಂಗಳು ಹೋಗುವ ತಾಯಂದಿರಿಗೆ ಇದು ಯಾವುದೂ ಬೇಡ, ಭೇಟಿಯ ವೀಸಾ ಸಾಕು. ಆದರೆ ನಿಮ್ಮ ಹೆಸರಿನಲ್ಲಿ ವಲಸೆ ಅರ್ಜಿ ಇದೆಯೇ ಎಂದು ಆ ಫಾರ್ಮಿನಲ್ಲಿ ಕೇಳುತ್ತಾರೆ. ಇದ್ದರೆ ಇದೆ ಅಂತಲೇ ಬರೆಯಿರಿ.

ಆ ಸದಸ್ಯೆಯ ತಾಯಿಗೆ ಎಪ್ಪತ್ತೊಂದು. ಮಗ ಪೌರನಾದ್ದರಿಂದ ಕ್ಯೂ ಇಲ್ಲದೆ ಅವರನ್ನು ಕರೆಸಿಕೊಳ್ಳಬಹುದಿತ್ತು. ಕೇಳಿದರೆ "ಆ ಚಳಿಗೆ ನಾನು ಹೋಗುವುದಿಲ್ಲ" ಅಂತ ಕುಳಿತಿದ್ದಾರೆ. ಅಂಗೀಕಾರದ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಕಪಾಟು ಸೇರಿದೆ. ಹೆಸರು ತಿದ್ದುಪಡಿಗೆ ಅರ್ಜಿ ಕೊಟ್ಟಾಗಿದೆ. ಹಸು ಹಟ್ಟಿಯಲ್ಲೇ ಇದೆ. ಮುಂದಿನ ವಾರದ ಸಭೆಯಲ್ಲಿ ನಿರ್ಣಯ ಪುಸ್ತಕದ ಆ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದರು: ಮೊತ್ತ ನಲವತ್ತು ಸಾವಿರ, ಉದ್ದೇಶ ಮಗಳ ನರ್ಸಿಂಗ್ ಕಾಲೇಜಿನ ಫೀಸು.