ಸೋಲಿಗೊಂದು ಗಡಿಯಿರುವ ಜೂಜು

ಜೂಜಿನ ವಿಷಯ ಬಂದಾಗಲೆಲ್ಲ ನಮ್ಮ ಕಾನೂನು ಕೇಳುತ್ತ ಬಂದಿರುವುದು ಒಂದೇ ಪ್ರಶ್ನೆ: ಇದು ಕೌಶಲದ ಆಟವೋ, ಅದೃಷ್ಟದ ಆಟವೋ? 1957ರ ಚಮರ್‌ಬಾಗ್‌ವಾಲಾ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಎಳೆಯಿತು. 1967ರಲ್ಲಿ ಅದೇ ನ್ಯಾಯಾಲಯ ರಮ್ಮಿಯನ್ನು ಗೆರೆಯ ಈಚೆ, ಅಂದರೆ ಕೌಶಲದ ಕಡೆಗೆ ಸೇರಿಸಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ನಮ್ಮ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದಾಗಲೂ ವಾದ ಸುತ್ತುತ್ತಿದ್ದುದು ಇದೇ ಗೆರೆಯ ಸುತ್ತ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಗಳು ಅದೇ ವರ್ಷ ಸುಪ್ರೀಂ ಕೋರ್ಟಿಗೆ ವರ್ಗವಾದವು.

ಆದರೆ ಏಳು ದಶಕಗಳಿಂದ ಕೇಳುತ್ತಿರುವ ಆ ಪ್ರಶ್ನೆಯೇ ಸರಿಯಾದುದೇ? ಇದನ್ನು ಪರೀಕ್ಷಿಸಲು ನ್ಯಾಯಾಲಯಕ್ಕಿಂತ ಪೋಕರ್ ಪಂದ್ಯಾವಳಿಯ ಸಭಾಂಗಣ ಉತ್ತಮ ಸ್ಥಳ. ಅಲ್ಲಿ ಒಬ್ಬ ಹವ್ಯಾಸಿ ಆಟಗಾರ ಕಳೆಯುವ ಒಂದು ದಿನವನ್ನು ಗಮನವಿಟ್ಟು ನೋಡಿದರೆ ಕೌಶಲ ಮತ್ತು ಅದೃಷ್ಟ ಎಷ್ಟರ ಮಟ್ಟಿಗೆ ಹೆಣೆದುಕೊಂಡಿವೆ ಎಂಬುದೂ, ನಾವು ನಿಜಕ್ಕೂ ಕೇಳಬೇಕಾದ ಪ್ರಶ್ನೆ ಯಾವುದೆಂಬುದೂ ಸ್ಪಷ್ಟವಾಗುತ್ತದೆ.

ಪೋಕರ್ ಪಂದ್ಯಾವಳಿಗಳ ತವರು ಅಮೆರಿಕದ ಲಾಸ್ ವೇಗಸ್. ಅಲ್ಲಿನ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಆರಂಭವಾದದ್ದು 1970ರಲ್ಲಿ. ಅದರ ಮುಖ್ಯ ಪಂದ್ಯಕ್ಕೆ ಪ್ರವೇಶಧನ 10,000 ಡಾಲರ್, ಅಂದರೆ ಎಂಟೂವರೆ ಲಕ್ಷ ರೂಪಾಯಿಗೂ ಮಿಕ್ಕು. ಹಣ ಕಟ್ಟಿದ ಯಾರು ಬೇಕಾದರೂ ಕೂರಬಹುದು. ಆಟದ ನಿಯಮ ಸರಳ. ಪ್ರತಿಯೊಬ್ಬನಿಗೂ ಎರಡು ಗುಪ್ತ ಎಲೆ. ಎಲ್ಲರಿಗೂ ಸಮಾನವಾಗಿ ಮೇಜಿನ ಮೇಲೆ ಹಂತಹಂತವಾಗಿ ತೆರೆದಿಡುವ ಐದು ಎಲೆ. ಈ ಏಳರಲ್ಲಿ ಅತ್ಯುತ್ತಮ ಐದನ್ನು ಹೊಂದಿಸಿದವನು ಗೆದ್ದ. ಇಲ್ಲವೇ ತನ್ನ ಬಳಿ ಅಂಥ ಐದು ಇವೆಯೆಂದು ಉಳಿದವರನ್ನು ನಂಬಿಸಿ ಅವರು ಎಲೆ ಕೆಳಗಿಡುವಂತೆ ಮಾಡಿದವನು ಗೆದ್ದ.

ಹವ್ಯಾಸಿಯ ದಿನ ಮಧ್ಯಾಹ್ನದ ಹೊತ್ತಿಗೆ ಶುರುವಾಗುತ್ತದೆ. ಅವನು ಶಾಲಾ ಶಿಕ್ಷಕನಿರಬಹುದು, ಸಾಫ್ಟ್‌ವೇರ್ ಉದ್ಯೋಗಿಯಿರಬಹುದು, ನಿವೃತ್ತ ಗುಮಾಸ್ತನಿರಬಹುದು. ಗುರುತಿನ ಚೀಟಿ ತೋರಿಸಿದ ಮೇಲೆ ಅವನ ಕೈಗೆ ಬರುವ ಕಾಗದದಲ್ಲಿ ಮೇಜಿನ ಸಂಖ್ಯೆ, ಆಸನದ ಸಂಖ್ಯೆ ಇರುತ್ತವೆ. ಅದನ್ನು ನಿರ್ಧರಿಸುವುದು ಯಂತ್ರ. ಪಕ್ಕದಲ್ಲಿ ಕೂತವನು ಹಿಂದೊಮ್ಮೆ ವಿಶ್ವ ಚಾಂಪಿಯನ್ ಆಗಿದ್ದವನಾಗಿರಬಹುದು, ತನ್ನಂತೆಯೇ ಮೊದಲ ಬಾರಿಗೆ ಬಂದವನಾಗಿರಬಹುದು. ಚದುರಂಗದ ಗ್ರ್ಯಾಂಡ್‌ಮಾಸ್ಟರ್ ಎದುರು ನಾವು ನೀವು ಇಂಥ ಪಂದ್ಯದಲ್ಲಿ ಕೂರುವುದು ಸಾಧ್ಯವಿಲ್ಲ. ಈ ಸಮಾನತೆಯೇ ಪೋಕರಿನ ದೊಡ್ಡ ಆಕರ್ಷಣೆ. ದೊಡ್ಡ ಬಲೆಯೂ ಹೌದು.

ಪ್ರತಿಯೊಬ್ಬನಿಗೂ ಸಿಗುವುದು 60,000 ಬೆಲೆಯ ಬಿಲ್ಲೆಗಳು. ಈ ಬಿಲ್ಲೆಗಳನ್ನು ಹಣವಾಗಿ ಪರಿವರ್ತಿಸುವಂತಿಲ್ಲ. ಮಧ್ಯದಲ್ಲಿ ಎದ್ದು ‘ನನ್ನ ಪಾಲು ಕೊಡಿ’ ಎನ್ನುವಂತಿಲ್ಲ. ಕೊನೆಯವರೆಗೆ ಉಳಿದರೆ ಬಹುಮಾನ, ಇಲ್ಲವಾದರೆ ಬರಿಗೈ. ಆರಂಭದಲ್ಲಿ ಕಡ್ಡಾಯ ಪಣಗಳೆಂದು ಪ್ರತಿ ಸುತ್ತಿನಲ್ಲಿ ತಲಾ 500ರಷ್ಟು ಬಿಲ್ಲೆ ಕೈಬಿಡುತ್ತವೆ. ಎರಡೆರಡು ಗಂಟೆಗೊಮ್ಮೆ ಈ ಕಡ್ಡಾಯ ಪಣ ಏರುತ್ತ ಹೋಗುತ್ತದೆ. ಅರ್ಥಶಾಸ್ತ್ರ ಓದಿದವನಿಗೆ ಇದು ತೀರ ಪರಿಚಿತ ವ್ಯವಹಾರ: ಇದು ಹಣದುಬ್ಬರವಲ್ಲದೆ ಮತ್ತೇನೂ ಅಲ್ಲ. ಬಿಲ್ಲೆಗಳನ್ನು ಮುಟ್ಟದೆ ಜೋಪಾನವಾಗಿಟ್ಟುಕೊಂಡವನ ಸಂಪತ್ತು, ನಿಶ್ಚಿತ ಠೇವಣಿಯ ಬಡ್ಡಿಯನ್ನೇ ನಂಬಿದ ಪಿಂಚಣಿದಾರನ ಉಳಿತಾಯದಂತೆ, ಕಣ್ಣೆದುರಿಗೇ ಕರಗುತ್ತದೆ. ಸುಮ್ಮನೆ ಕೂತು ಗೆಲ್ಲುವಂತಿಲ್ಲ, ದುಡುಕಿದರೆ ಉಳಿಗಾಲವಿಲ್ಲ.

ಹಾಗಿದ್ದರೂ ದಿನದ ಬಹುಪಾಲು ಕಳೆಯುವುದು ಎಲೆಗಳನ್ನು ಕೆಳಗಿಡುವುದರಲ್ಲೇ. ವಿವೇಕಿ ಆಟಗಾರ ಹತ್ತು ಕೈಗಳಲ್ಲಿ ಏಳೆಂಟನ್ನು ಆಡದೆಯೇ ಬಿಡುತ್ತಾನೆ. ಸಿನಿಮಾದಲ್ಲಿ ಕಾಣುವ ಕಪ್ಪು ಕನ್ನಡಕ, ಬಿಗಿದ ಮುಖ, ಮೇಜಿನ ನಡುವಿಗೆ ತಳ್ಳಿದ ಬಿಲ್ಲೆಗಳ ರಾಶಿ ಇವೆಲ್ಲ ದಿನಕ್ಕೆ ಒಂದೆರಡು ಬಾರಿ ಬಂದರೆ ಹೆಚ್ಚು. ಉಳಿದಂತೆ ಅದೊಂದು ದೀರ್ಘ ಬೇಸರ. ಹವ್ಯಾಸಿ ಸೋಲುವುದು ಬಹುಮಟ್ಟಿಗೆ ಈ ಬೇಸರಕ್ಕೆ. ‘ಇಷ್ಟು ಹಣ ಕಟ್ಟಿ, ಇಷ್ಟು ದೂರ ಬಂದು, ಸುಮ್ಮನೆ ಕೂರುವುದೇ?’ ಎಂಬ ಯೋಚನೆ ಬಂತೆಂದರೆ ಅವನು ಬಿಡಬೇಕಾದ ಎಲೆಗಳನ್ನು ಹಿಡಿಯತೊಡಗುತ್ತಾನೆ. ಕಟ್ಟಿದ ಹಣ ಹೇಗೂ ಹಿಂದಿರುಗದು. ಮುಂದಿನ ನಿರ್ಧಾರದ ಮೇಲೆ ಅದರ ನೆರಳು ಬೀಳಬಾರದು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಸರ್ಕಾರಗಳೇ ಕಲಿಯದ ಈ ಪಾಠವನ್ನು ಸಂಜೆಯ ಹೊತ್ತಿಗೆ ದಣಿದ ಹವ್ಯಾಸಿ ಪಾಲಿಸಬೇಕೆಂದು ನಿರೀಕ್ಷಿಸುವುದು ಕಷ್ಟ.

ಈಗ ಕೌಶಲದ ಪ್ರಶ್ನೆಗೆ ಬರೋಣ. ತಲಾ ಎರಡು ಗಂಟೆಯ ಐದು ಅವಧಿಗಳೆಂದರೆ ಹತ್ತು ಗಂಟೆಯ ಆಟ. ಗಂಟೆಗೆ ಹೆಚ್ಚೆಂದರೆ 30 ಕೈ ಎಂದಿಟ್ಟುಕೊಂಡರೂ ದಿನಕ್ಕೆ 300. ಆಟದ ಅತ್ಯುತ್ತಮ ಆರಂಭವಾದ ಎರಡು ಎಕ್ಕಗಳು ಕೈಗೆ ಬರುವ ಸಂಭವ 221ರಲ್ಲಿ ಒಂದು. ಅಂದರೆ ಇಡೀ ದಿನದಲ್ಲಿ ಸರಾಸರಿ ಒಂದೂವರೆ ಬಾರಿಯೂ ಅಲ್ಲ. ಇನ್ನೊಂದು ಲೆಕ್ಕ ನೋಡಿ. ನಮ್ಮ ಹವ್ಯಾಸಿ ಅಪ್ಪಟ ಜಾಣನೆಂದೇ ಭಾವಿಸೋಣ. ತನ್ನ ಗೆಲುವಿನ ಸಂಭವ ನೂರಕ್ಕೆ 80 ಇದ್ದಾಗ ಮಾತ್ರ ಅವನು ಸರ್ವಸ್ವವನ್ನೂ ಪಣಕ್ಕಿಡುತ್ತಾನೆ. ಅಂಥ ಐದು ಸಂದರ್ಭಗಳನ್ನು ಸತತವಾಗಿ ದಾಟುವ ಸಂಭವ ಎಷ್ಟು? ಸುಮಾರು 33. ತಪ್ಪನ್ನೇ ಮಾಡದ ಆಟಗಾರ ಕೂಡ ಮೂರರಲ್ಲಿ ಎರಡು ಬಾರಿ ಹೊರನಡೆಯುತ್ತಾನೆ! ಕೌಶಲ ಸುಳ್ಳಲ್ಲ, ಸಾವಿರಾರು ಗಂಟೆಗಳ ಆಟದಲ್ಲಿ ಅದು ನಿಶ್ಚಯವಾಗಿ ಮೇಲುಗೈ ಪಡೆಯುತ್ತದೆ. ಆದರೆ ಒಂದು ದಿನ ಎಂಬುದು ಅದಕ್ಕೆ ಸಾಲದ ಅವಧಿ.

ಇದಕ್ಕೆ ಪೋಕರ್ ಚರಿತ್ರೆಯ ಅತಿ ಪ್ರಸಿದ್ಧ ಘಟನೆಯೇ ನಿದರ್ಶನ. 2003ರಲ್ಲಿ ಟೆನ್ನೆಸಿ ರಾಜ್ಯದ 27 ವರ್ಷದ ಲೆಕ್ಕಿಗ ಕ್ರಿಸ್ ಮನಿಮೇಕರ್, ಅಂತರ್ಜಾಲದ 86 ಡಾಲರ್‌ಗಳ ಅರ್ಹತಾ ಪಂದ್ಯ ಗೆದ್ದು ಮುಖ್ಯ ಪಂದ್ಯಕ್ಕೆ ಬಂದ. ಎದುರಾಳಿಗಳನ್ನು ಮುಖಾಮುಖಿ ನೋಡುತ್ತ ಆತ ಆಡಿದ ಮೊದಲ ಪಂದ್ಯಾವಳಿ ಅದು. 838 ಮಂದಿಯನ್ನು ದಾಟಿ 25 ಲಕ್ಷ ಡಾಲರ್ ಗೆದ್ದ. ಆದರೆ ಅಂತಿಮ ಮೇಜಿಗೆ ಇನ್ನೊಬ್ಬನೇ ಹೊರಬೀಳಬೇಕಿದ್ದ ಹಂತದಲ್ಲಿ ನಡೆದದ್ದನ್ನು ನೆನೆಯಬೇಕು. ಎದುರಿಗಿದ್ದವನು ಆ ಕಾಲದ ಶ್ರೇಷ್ಠ ಆಟಗಾರರಲ್ಲೊಬ್ಬನಾದ ಫಿಲ್ ಐವಿ. ಕೊನೆಯ ಎಲೆ ತೆರೆಯುವ ಮುನ್ನ ಐವಿಯದೇ ಮೇಲುಗೈ. ಉಳಿದ 44 ಎಲೆಗಳಲ್ಲಿ ಮನಿಮೇಕರ್‌ನನ್ನು ಗೆಲ್ಲಿಸಬಲ್ಲವು ಏಳು ಮಾತ್ರ. ಬಂದದ್ದು ಎಕ್ಕ, ಆ ಏಳರಲ್ಲೊಂದು. ಐವಿ ಮನೆಗೆ ಹೋದ. ಲೆಕ್ಕಿಗ ಚಾಂಪಿಯನ್ ಆದ. ಅವನಲ್ಲಿ ಧೈರ್ಯವಿತ್ತು, ಲೆಕ್ಕಾಚಾರವಿತ್ತು ಎಂಬುದು ನಿಜ. ಆ ಎಲೆ ಬಾರದಿದ್ದರೆ ಅವೆರಡೂ ಇದ್ದೂ ಅವನ ಹೆಸರನ್ನು ಹೆಚ್ಚಿನವರು ಕೇಳುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಅವನ ಗೆಲುವು ಟಿ.ವಿ.ಯಲ್ಲಿ ಮರುಮರು ಪ್ರಸಾರವಾಯಿತು. ಮರುವರ್ಷ ಆಡಿದವರು 2,576, 2006ರಲ್ಲಿ 8,773. ಒಬ್ಬ ಗೆದ್ದ ಕಥೆ ಸಾವಿರಾರು ಜನರನ್ನು ಕರೆತಂದಿತು. ಅದೇ ಪಂದ್ಯದಲ್ಲಿ ಸೋತ 838 ಮಂದಿಯ ಕಥೆಯನ್ನು ಯಾರೂ ಚಿತ್ರೀಕರಿಸಲಿಲ್ಲ.

ಆ ಕಥೆಯನ್ನು ಹೇಳುವುದು ಲೆಕ್ಕಪುಸ್ತಕ. 2024ರ ಮುಖ್ಯ ಪಂದ್ಯವನ್ನೇ ತೆಗೆದುಕೊಳ್ಳಿ. ಆಡಿದವರು 10,112. ಸಂಗ್ರಹವಾದ ಹಣ 10 ಕೋಟಿ 11 ಲಕ್ಷ 20 ಸಾವಿರ ಡಾಲರ್. ಬಹುಮಾನಕ್ಕೆ ಹೋದದ್ದು 9 ಕೋಟಿ 40 ಲಕ್ಷ 41 ಸಾವಿರದ 600. ಉಳಿದ ನೂರಕ್ಕೆ ಏಳರಷ್ಟು ಪಾಲು ಆಯೋಜಕರಿಗೆ, ಸಿಬ್ಬಂದಿಗೆ. ಬಹುಮಾನ ಪಡೆದವರು 1,517 ಮಂದಿ. ಕನಿಷ್ಠ ಬಹುಮಾನ 15,000 ಡಾಲರ್. ವಿಜೇತನಿಗೆ ಒಂದು ಕೋಟಿ. ಮಿಕ್ಕ 8,595 ಮಂದಿಗೆ ಏನೂ ಇಲ್ಲ. ಸರಾಸರಿ ಆಟಗಾರ ಹತ್ತು ಸಾವಿರ ಕಟ್ಟಿ ಮರಳಿ ಪಡೆದದ್ದು 9,300. ವೃತ್ತಿಪರರು ಸರಾಸರಿಗಿಂತ ಹೆಚ್ಚು ಗಳಿಸುವುದರಿಂದ ಹವ್ಯಾಸಿಯ ಪಾಲು ಇದಕ್ಕಿಂತಲೂ ಕಡಿಮೆ. ವಿಮಾನ, ವಸತಿಯ ಖರ್ಚು ಬೇರೆ. ಮೊದಲ ದಿನ ಉಳಿದು, ಮಧ್ಯರಾತ್ರಿಯ ಹೊತ್ತಿಗೆ ಬಿಲ್ಲೆಗಳನ್ನೆಣಿಸಿ ಪಾರದರ್ಶಕ ಚೀಲಕ್ಕೆ ಹಾಕಿ ಮೊಹರು ಮಾಡಿದವನು ಕೂಡ ಇನ್ನೂ ಒಂದು ಕಾಸನ್ನೂ ಗಳಿಸಿರುವುದಿಲ್ಲ. ಬಹುಮಾನದ ಹಂತ ಸಾಮಾನ್ಯವಾಗಿ ಬರುವುದು ಮೂರನೆಯ ದಿನ.

ಹಾಗಾದರೆ ಈ ವ್ಯವಹಾರದಲ್ಲಿ ಒಳ್ಳೆಯದೆನ್ನಬಹುದಾದದ್ದು ಏನೂ ಇಲ್ಲವೇ? ಒಂದಿದೆ, ಅದು ಸೋಲಿನ ಗಡಿ. ಬಿಲ್ಲೆಗಳು ಮುಗಿದ ಕೂಡಲೇ ಎಲೆ ಹಂಚುವವನು ‘ಸೀಟ್ ಓಪನ್’ ಎಂದು ಕೂಗುತ್ತಾನೆ; ಆಟ ಒಂದು ಕ್ಷಣವೂ ನಿಲ್ಲುವುದಿಲ್ಲ. ಹವ್ಯಾಸಿ ಎದ್ದು ಹೊರಡುತ್ತಾನೆ. ಮನೆಯಿಂದ ಹೊರಟಾಗ ಎಷ್ಟು ಕಳೆದುಕೊಳ್ಳಬಹುದೆಂದು ಅವನಿಗೆ ಗೊತ್ತಿತ್ತೋ ಅಷ್ಟನ್ನೇ ಕಳೆದುಕೊಂಡಿರುತ್ತಾನೆ. ಈ ಮುಖ್ಯ ಪಂದ್ಯದಲ್ಲಿ ಮತ್ತೊಮ್ಮೆ ಹಣ ಕಟ್ಟಿ ಕೂರಲು ಅವಕಾಶವಿಲ್ಲ. ಸಾಲ ಮಾಡಿ ಮರಳಬೇಕೆಂಬ ಆಸೆಗೆ ನಿಯಮವೇ ಬಾಗಿಲು ಹಾಕಿದೆ.

ಹಸ್ತಿನಾವತಿಯ ಸಭೆಯಲ್ಲಿ ಇಲ್ಲದಿದ್ದುದು ಈ ಬಾಗಿಲೇ. ಧರ್ಮರಾಯ ಒಬ್ಬ ಹವ್ಯಾಸಿ, ಶಕುನಿ ನುರಿತವನು. ಅಲ್ಲಿ ನಡೆದದ್ದು ಮೋಸವೋ ಕೌಶಲವೋ ಎಂಬ ಚರ್ಚೆ ಸಾವಿರಾರು ವರ್ಷಗಳಿಂದ ನಡೆದಿದೆ. ಆದರೆ ದುರಂತಕ್ಕೆ ಕಾರಣವಾದದ್ದು ಪಣಕ್ಕೆ ಮೇರೆ ಇಲ್ಲದಿದ್ದುದು: ಕೋಶ, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಕಳೆದುಕೊಂಡದ್ದೆಲ್ಲ ಒಮ್ಮೆ ಮರಳಿ ಬಂದರೂ ಅನುದ್ಯೂತಕ್ಕೆ ಕರೆ ಬಂದಾಗ ಮತ್ತೆ ಹೋಗಿ ಕೂತ. ಹನ್ನೆರಡು ವರ್ಷದ ವನವಾಸಕ್ಕೂ ಒಂದು ವರ್ಷದ ಅಜ್ಞಾತವಾಸಕ್ಕೂ ಕಾರಣವಾದದ್ದು ಎರಡನೆಯ ಆಟ.

ಇಂದಿನ ಅನೇಕ ಪಂದ್ಯಾವಳಿಗಳು ಈ ಅನುದ್ಯೂತವನ್ನೇ ನಿಯಮವಾಗಿಸಿಕೊಂಡಿವೆ. ಸೋತವನು ಮತ್ತೆ ಹಣ ಕಟ್ಟಿ ಒಳಬರಬಹುದು. ಒಮ್ಮೆ, ಎರಡು ಬಾರಿ, ಕೆಲವೆಡೆ ಇನ್ನೂ ಹೆಚ್ಚು. ಬಹುಮಾನದ ಮೊತ್ತ ಹಿಗ್ಗುತ್ತದೆ, ಆಯೋಜಕರ ಪಾಲೂ ಹಿಗ್ಗುತ್ತದೆ, ಹವ್ಯಾಸಿಯ ಗಡಿ ಮಾತ್ರ ಅಳಿಸಿಹೋಗುತ್ತದೆ. ಇದು ದೂರದ ಅಮೆರಿಕದ ಮಾತಷ್ಟೇ ಅಲ್ಲ. 1992ರಲ್ಲಿ ಪಂಚತಾರಾ ಹೋಟೆಲುಗಳಿಗೆ, 1996ರಲ್ಲಿ ಹಡಗುಗಳಿಗೆ ಗೋವಾ ಜೂಜಿನ ಅವಕಾಶ ಕೊಟ್ಟಿತು. ಅಲ್ಲಿನ ಮಾಂಡೋವಿ ನದಿಯ ಹಡಗುಗಳಲ್ಲೂ ಪೋಕರ್ ಪಂದ್ಯಾವಳಿಗಳು ನಡೆದಿವೆ. ವಾರಾಂತ್ಯದಲ್ಲಿ ಗೋವಾದ ಬಸ್ಸು ಹತ್ತುವ ಬೆಂಗಳೂರಿನ ಯುವಕರಿಗೆ ಅದು ದೂರವೇನಲ್ಲ. ನಮ್ಮಲ್ಲಿ ಗೆದ್ದ ಹಣದ ಮೇಲೆ ನೂರಕ್ಕೆ 30ರ ಆದಾಯ ತೆರಿಗೆ ಬೇರೆ. ಸೋತದ್ದನ್ನು ಅದರಲ್ಲಿ ಕಳೆಯಲು ಅವಕಾಶವಿಲ್ಲ.

ಇನ್ನು ಮೊಬೈಲ್ ಪರದೆಯ ಆಟದಲ್ಲಿ ಗಡಿಗಳೆಲ್ಲ ಒಮ್ಮೆಗೇ ಮಾಯ. ಗಂಟೆಗೆ 30 ಕೈ ಎಂಬ ನಿಧಾನವಿಲ್ಲ, ಒಂದೇ ಪರದೆಯಲ್ಲಿ ನಾಲ್ಕಾರು ಮೇಜು ತೆರೆದುಕೊಳ್ಳುತ್ತವೆ. ಊಟದ ವಿರಾಮವಿಲ್ಲ, ಮಧ್ಯರಾತ್ರಿಗೆ ಮೊಹರು ಮಾಡುವ ಚೀಲವಿಲ್ಲ, ಎದ್ದು ಹೋಗೆನ್ನುವವರಿಲ್ಲ. ಆಟ ಅದೇ, ಕೌಶಲ ಅದೇ. ಮನೆ ಮುಳುಗಿಸುವ ಶಕ್ತಿ ಮಾತ್ರ ಬೇರೆ. ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯ ಕಣ್ಣಿಗೆ ಈ ವ್ಯತ್ಯಾಸ ಬೀಳುವುದೇ ಇಲ್ಲ. ಹಾಗೆಂದು ಎಲ್ಲವನ್ನೂ ಒಂದೇ ಏಟಿಗೆ ನಿಷೇಧಿಸಿದರೆ ಕೆಲಸ ಮುಗಿಯಿತೆನ್ನುವಂತೆಯೂ ಇಲ್ಲ. ದೀಪಾವಳಿಯ ಇಸ್ಪೀಟು ಅಡ್ಡೆಗಳ ಮೇಲಿನ ದಾಳಿಗಳ ವರದಿಗಳನ್ನು ವರ್ಷವರ್ಷವೂ ಓದಿದ ಆಡಳಿತಗಾರರಿಗೆ ಗೊತ್ತು: ಅಡ್ಡೆ ಮುಚ್ಚುವುದಿಲ್ಲ, ಜಾಗ ಬದಲಿಸುತ್ತದೆ.

ಕೌಟಿಲ್ಯ ಇದನ್ನು ಬಲ್ಲವನಾಗಿದ್ದ. ಅವನ ವ್ಯವಸ್ಥೆಯಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯಿದ್ದ. ಜೂಜು ಗೊತ್ತುಪಡಿಸಿದ ಒಂದೇ ಸ್ಥಳದಲ್ಲಿ ನಡೆಯಬೇಕು, ಬೇರೆಡೆ ಆಡಿದವನಿಗೆ ದಂಡ. ಗೆದ್ದ ಹಣದಲ್ಲಿ ನೂರಕ್ಕೆ ಐದು ಪಾಲು ಅಧ್ಯಕ್ಷನಿಗೆ. ಅವನು ಜೂಜನ್ನು ಹೊಗಳಲಿಲ್ಲ, ಕಣ್ಣೆದುರಿಗೆ ಇಟ್ಟುಕೊಂಡ.

ಸಂವಿಧಾನದ ಪ್ರಕಾರ ಜೂಜು ರಾಜ್ಯಗಳ ವಿಷಯ. ಮುಖಾಮುಖಿ ಪಂದ್ಯಾವಳಿಗಳ ಬಗ್ಗೆ ನಿಯಮ ರೂಪಿಸುವ ಯಾವುದೇ ರಾಜ್ಯ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಒಬ್ಬ ವ್ಯಕ್ತಿ ಒಂದು ದಿನದಲ್ಲಿ ಗರಿಷ್ಠ ಎಷ್ಟು ಕಳೆದುಕೊಳ್ಳಬಹುದು? ಸೋತ ಮೇಲೆ ಮತ್ತೆ ಒಳಬರುವ ಅವಕಾಶವಿದೆಯೇ? ಆಯೋಜಕರ ಪಾಲೆಷ್ಟು, ಬರಿಗೈಯಲ್ಲಿ ಮರಳುವವರು ನೂರಕ್ಕೆಷ್ಟು ಎಂಬುದನ್ನು ಪ್ರವೇಶ ಚೀಟಿಯ ಮೇಲೆಯೇ ಮುದ್ರಿಸಲಾಗಿದೆಯೇ? ಮ್ಯೂಚುವಲ್ ಫಂಡ್ ಮಾರುವವರಿಂದ ಅಪಾಯದ ಎಚ್ಚರಿಕೆಯನ್ನು ನಾವು ಕಡ್ಡಾಯವಾಗಿ ಹೇಳಿಸುತ್ತೇವೆ. ನೂರಕ್ಕೆ 85 ಮಂದಿಯನ್ನು ಬರಿಗೈಯಲ್ಲಿ ಕಳಿಸುವ ಪಂದ್ಯಕ್ಕೆ ಆ ಮಾತು ಅನ್ವಯಿಸದೆ ಹೋಗಲು ಕಾರಣ ಕಾಣದು.

ಹವ್ಯಾಸಿಯ ಕನಸಿಗೆ ಬೆಲೆ ಕಟ್ಟುವುದು ಸರ್ಕಾರದ ಕೆಲಸವಲ್ಲ. ವರ್ಷಕ್ಕೊಮ್ಮೆ ತನ್ನ ಉಳಿತಾಯದ ಒಂದಂಶವನ್ನು ಖರ್ಚುಮಾಡಿ, ಒಂದು ದಿನ ಚಾಂಪಿಯನ್ನರ ಪಕ್ಕ ಕೂತು, ಸಂಜೆ ಸೋತು ಎದ್ದುಬರುವ ಹಕ್ಕು ಅವನಿಗಿರಲಿ. ಆದರೆ ಅವನು ಎದ್ದುಬರಲೇಬೇಕು. ಅವನ ಮನೆಯವರು ಕಾನೂನಿನಿಂದ ನಿರೀಕ್ಷಿಸಬಹುದಾದ ರಕ್ಷಣೆ ಅಷ್ಟೇ; ಅಷ್ಟನ್ನಾದರೂ ಕೊಡುವುದು ಕಾನೂನಿನ ಕರ್ತವ್ಯ.