ಒಂಬತ್ತು ದಿನಗಳ ಅನಂತರ ಉಳಿದ ಹೂವು

ಆಗಸ್ಟ್ ತಿಂಗಳ ಕೊನೆಗೆ ಕೊಡಗಿನಲ್ಲಿ ಮಳೆಯ ಆರ್ಭಟ ತುಸು ತಗ್ಗುತ್ತದೆ. ಹಿತ್ತಿಲುಗಳಲ್ಲಿ ಡೇರೆ ಹೂವು ತಲೆದೂಗತೊಡಗುತ್ತದೆ. ಅದೇ ವೇಳೆಗೆ ವೀರಾಜಪೇಟೆಯ ಕ್ರೈಸ್ತ ಗೃಹಿಣಿಯರಿಗೆ ಹೂವಿನ ಲೆಕ್ಕಾಚಾರ ಹತ್ತಿಕೊಳ್ಳುತ್ತದೆ. 30ನೆಯ ತಾರೀಖಿನಿಂದ ಒಂಬತ್ತು ದಿನ ಮಕ್ಕಳು ಬುಟ್ಟಿ ಹಿಡಿದು ಬಾಲೆ ಮರಿಯಳಿಗೆ ಹೂವನ್ನು ಅರ್ಪಿಸಬೇಕು. ಸೆಪ್ಟೆಂಬರ್ 8 ಆಕೆಯ ಜನ್ಮದಿನ, ಕೊಂಕಣಿ ಮಾತಿನಲ್ಲಿ ‘ಮೊಂತಿ ಫೆಸ್ತ್’. ಅಂದು ಔತಣದ ಮೇಜಿಗೂ ಹೂವು ಬೇಕು. ಮಕ್ಕಳ ಬುಟ್ಟಿಗಳು ಸೂರೆಗೊಂಡ ಹಿತ್ತಿಲಿನಲ್ಲಿ ಆಗ ಉಳಿಯುವುದಾದರೂ ಏನು?

ಈ ಜನ ಇಲ್ಲಿಗೆ ಬಂದುದು ಹಬ್ಬಕ್ಕಾಗಿ ಅಲ್ಲ, ಜೀವ ಉಳಿಸಿಕೊಳ್ಳುವುದಕ್ಕಾಗಿ. 1784ರಲ್ಲಿ ಟಿಪ್ಪುಸುಲ್ತಾನನು ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದನು. ತಪ್ಪಿಸಿಕೊಂಡು ಬಂದ ಕೆಲವರಿಗೆ ದೊಡ್ಡವೀರರಾಜೇಂದ್ರನು ತಾನು ಕಟ್ಟಿಸಿದ ಹೊಸ ಪೇಟೆಯಲ್ಲಿ ನೆಲೆ ಕೊಟ್ಟನು. ಸಂತ ಅನ್ನಮ್ಮನವರ ದೇವಾಲಯದ ಮೂಲ 1792ನೆಯ ಇಸವಿಯದು.

ಮೇಜಿನ ಮೇಲೆ ಬಾಳೆಯೆಲೆ ಹಾಸಿದೊಡನೆಯೇ ಅರ್ಧ ಅಲಂಕಾರ ಮುಗಿದಂತೆ. ಪಂದಿಕರಿಯ ನಾಡಾದರೂ ಅಂದಿನ ಊಟ ಶಾಕಾಹಾರ. ವ್ಯಂಜನಗಳ ಸಂಖ್ಯೆ ಐದೋ ಏಳೋ ಒಂಬತ್ತೋ, ಬೆಸವೇ ಆಗಿರಬೇಕು. ಕೆಸುವಿನ ದಂಟಿನ ಪಲ್ಯವಂತೂ ತಪ್ಪದು. ಇಷ್ಟೊಂದು ಬಣ್ಣ ಎಲೆಯ ಮೇಲೆಯೇ ಇರುವಾಗ ಹೂವು ಹಿಂದೆ ಸರಿದು ನಿಲ್ಲುವುದೇ ಲೇಸು. ಬಿಳಿಯ ವಸ್ತ್ರದ ನಡುವೆ ಉದ್ದಕ್ಕೂ ಜರಿಗಿಡದ ಗರಿ, ಅಲ್ಲಲ್ಲಿ ಗಿಡ್ಡ ಬಟ್ಟಲಿನಲ್ಲಿ ಎರಡು ಮೂರು ಡೇರೆ: ಇಷ್ಟು ಸಾಕು. ಎತ್ತರದ ಹೂದಾನಿಯನ್ನಿಟ್ಟರೆ ಎದುರು ಕುಳಿತವರ ಮುಖವೇ ಕಾಣದು. ಹೂವನ್ನು ಹಿಂದಿನ ಸಂಜೆಯೇ ಕೊಯ್ದು ದಂಟು ಮುಳುಗುವಂತೆ ನೀರಿನಲ್ಲಿರಿಸಬೇಕು. ಮಳೆಯಲ್ಲಿ ನೆನೆದುದನ್ನು ಒದರದೆ ತಂದರೆ ವಸ್ತ್ರವೆಲ್ಲ ಕಲೆ. ಸುಗಂಧರಾಜದ ಘಾಟು ಪಾಯಸದ ಏಲಕ್ಕಿಯ ಪರಿಮಳವನ್ನು ನುಂಗಿಬಿಡುತ್ತದೆ.

ಬೇಲಿಯಂಚಿನಲ್ಲಿ ಬೆಂಕಿಯ ನಾಲಗೆಯಂತೆ ಅರಳಿ ಕರೆಯುವ ಗೌರಿಹೂವಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅಂದದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಗಿಡದ ಸರ್ವಾಂಗವೂ ವಿಷ, ಗೆಡ್ಡೆಯಂತೂ ಪ್ರಾಣಾಂತಕ. ಮಕ್ಕಳು ಕೈಯಾಡಿಸುವ ಊಟದ ಮೇಜಿಗೆ ಅದು ಸಲ್ಲದು.

ಈಸ್ಟರ್ ಔತಣದ ಪಾಡು ಬೇರೆ. ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಪೀಠದ ಮೇಲೆ ಹೂವೇ ಇರುವುದಿಲ್ಲ. ಅದು ಮುಗಿಯುವ ಹೊತ್ತಿಗೆ, ಹೂಮಳೆ ಸಕಾಲಕ್ಕೆ ಬಿದ್ದಿದ್ದರೆ, ತೋಟವೆಲ್ಲ ಕಾಫಿಹೂವಿನಿಂದ ಬೆಳ್ಳಗಾಗಿರುವುದುಂಟು. ಆದರೂ ಒಂದು ರೆಂಬೆಯನ್ನೂ ಯಾರೂ ಮುರಿಯರು. ಪ್ರತಿ ಹೂವೂ ವರ್ಷಾಂತ್ಯದ ಒಂದೊಂದು ಹಣ್ಣಲ್ಲವೆ! ಘಮವನ್ನು ಕಿಟಕಿಯಿಂದಲೇ ಸವಿಯಬೇಕು.

ಮಡಿಕೇರಿಯ ಕೋಟೆಯೊಳಗೆ ಆಂಗ್ಲರು 1859ರಲ್ಲಿ ಕಟ್ಟಿದ ಸಂತ ಮಾರ್ಕನ ಇಗರ್ಜಿ ಈಗ ವಸ್ತುಸಂಗ್ರಹಾಲಯ. ಅಲ್ಲಿ ಕಾಣುವುದು ಹಳೆಯ ಶಿಲ್ಪಗಳು, ಆಯುಧಗಳು.

ಮೊಂತಿ ಹಬ್ಬದ ಮೇಜಿನಲ್ಲಿ ಹೂವಿಗಿಂತ ಮೇಲಾದುದು ಹೊಸ ತೆನೆ. ಕೊಡಗಿನ ಗದ್ದೆಯಲ್ಲಿ ಆಗಿನ್ನೂ ಪೈರು ಹಸಿರು, ಸುಗ್ಗಿಯ ಹುತ್ತರಿಗೆ ಎರಡು ತಿಂಗಳಿಗೂ ಮಿಕ್ಕಿ ಕಾಯಬೇಕು. ತೆನೆಹಬ್ಬವೆಂಬುದು ಈ ಜನ ಕರಾವಳಿಯಿಂದ ಹೊತ್ತು ತಂದ ಪಂಚಾಂಗ. ದೇವಾಲಯದಲ್ಲಿ ಆಶೀರ್ವದಿಸಿದ ತೆನೆಯ ಕಾಳನ್ನು ಸುಲಿದು ಹಾಲಿನಲ್ಲಿ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ದೂರದೇಶದಲ್ಲಿರುವ ಮಕ್ಕಳ ಪಾಲಿಗೆಂದು ನಾಲ್ಕಾರು ಕಾಳು ಒಂದು ಲಕೋಟೆಯನ್ನು ಸೇರುತ್ತವೆ.