ಬ್ಯಾರಕ್ ಹೋಯಿತು, ನಂಬರ್ ಉಳಿಯಿತು

ಮುಂಬೈ ಬಳಿಯ ಉಲ್ಹಾಸನಗರದಲ್ಲಿ ಯಾರ ವಿಳಾಸ ಕೇಳಿದರೂ ಬ್ಯಾರಕ್ ನಂಬರಿನಿಂದಲೇ ಶುರು. ಬ್ಯಾರಕ್ ಇಷ್ಟು, ರೂಮ್ ಇಷ್ಟು, ಸೆಕ್ಷನ್ ಇಷ್ಟು, ಉಲ್ಹಾಸನಗರ ನಾಲ್ಕು. ಹುಡುಕಿಕೊಂಡು ಹೋದರೆ ಅಲ್ಲಿ ಸಿಗುವುದು ಐದು ಮಾಳಿಗೆಯ ಕಟ್ಟಡ, ಕೆಳಗೊಂದು ಮೊಬೈಲ್ ಅಂಗಡಿ. ಬ್ಯಾರಕ್ ಮುರಿದು ಎಷ್ಟೋ ಕಾಲವಾಯಿತು. ನಂಬರನ್ನು ಮಾತ್ರ ಅಂಚೆಯವನೂ ಬಿಟ್ಟಿಲ್ಲ, ಬ್ಯಾಂಕಿನವರೂ ಬಿಟ್ಟಿಲ್ಲ. ಪಿನ್‌ಕೋಡಿನ ಕಥೆಯೂ ಹಾಗೆಯೇ. ಒಂದನೇ ಕ್ಯಾಂಪಿಗೆ 421001, ಐದನೆಯದಕ್ಕೆ 421005. ಹಳಬರ ಬಾಯಲ್ಲಿ ಊರಿಗೆ ಇವತ್ತಿಗೂ ‘ಕ್ಯಾಂಪ್’ ಎಂದೇ ಹೆಸರು.

ಯಾರಾದರೂ ಕೇಳಿದರೆ ನಾನು ಕುಂದಾಪುರದ ಕಡೆಯವನು ಅನ್ನುತ್ತೇನೆ. ಆದರೆ ಹುಟ್ಟಿ ಬೆಳೆದದ್ದು ನಾಲ್ಕನೇ ಕ್ಯಾಂಪಿನಲ್ಲಿ, ವಿಠ್ಠಲವಾಡಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಅಪ್ಪಯ್ಯ ಉಡುಪಿ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಈಗ ಡೊಂಬಿವಲಿಯಲ್ಲಿದ್ದೇನೆ. ನನ್ನ ವಾರಿಗೆಯವರು ಸೇರಿದಾಗ ‘ಆಗಿನ ಉಲ್ಹಾಸನಗರ ಹೇಗಿತ್ತು ಮಾರಾಯ’ ಎಂಬ ಮಾತು ಬಾರದೆ ಚಹಾ ಮುಗಿಯುವುದಿಲ್ಲ. ಬೇರೆಡೆಯವರಿಗೆ ಇದು ನಗೆಯ ವಿಷಯ. ಪುಣೆಯ ವಾಡೆಗಳಿಗಾಗಿ, ಮೈಸೂರಿನ ತೊಟ್ಟಿಮನೆಗಳಿಗಾಗಿ ಹಂಬಲಿಸುವವರಿದ್ದಾರೆ, ಸರಿ. ಮಿಲಿಟರಿ ಷೆಡ್ಡಿಗಾಗಿ ಹಂಬಲಿಸುವುದುಂಟೇ?

ಷೆಡ್ಡುಗಳೇ ಹೌದು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಯಾಣದ ಪಕ್ಕ ಬ್ರಿಟಿಷರು ಸೈನಿಕರ ತಂಗುದಾಣ ಕಟ್ಟಿದರು. ಎರಡು ಸಾವಿರಕ್ಕೂ ಮಿಕ್ಕ ಬ್ಯಾರಕ್‌ಗಳು, ಎಲ್ಲವೂ ಉದ್ದಕ್ಕೆ, ಸಾಲಾಗಿ. ಯುದ್ಧ ಮುಗಿದು ಅವು ಖಾಲಿ ಬಿದ್ದಿದ್ದಾಗಲೇ ದೇಶ ಇಬ್ಭಾಗವಾಯಿತು. ಕರಾಚಿಯಿಂದ ಹಡಗು ಹತ್ತಿ ಬಂದವರು, ರೈಲಿನಲ್ಲಿ ಬಂದವರು, ಸುಮಾರು ಒಂದು ಲಕ್ಷ ಸಿಂಧಿಗಳನ್ನು ಸರ್ಕಾರ ಇಲ್ಲಿ ಇಳಿಸಿತು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿ ಹೊಸ ಊರಿಗೆ ಅಡಿಗಲ್ಲು ಹಾಕಿದರು. ಪಕ್ಕದಲ್ಲಿ ಹರಿಯುವ ಉಲ್ಹಾಸ ನದಿಯ ಹೆಸರೇ ಊರಿಗೂ ಆಯಿತು.

ನಾನು ಕಣ್ಣು ಬಿಡುವ ಹೊತ್ತಿಗೆ ಆ ಉದ್ದನೆಯ ಬ್ಯಾರಕ್‌ಗಳ ಒಳಗೆ ಗೋಡೆ ಎದ್ದು ಸಾಲು ರೂಮುಗಳಾಗಿದ್ದವು. ಮೊದಮೊದಲು ಗೋಣಿತಾಟು, ಹಳೆ ಸೀರೆ, ಅಷ್ಟೇ ಅಡ್ಡ ಇದ್ದದ್ದಂತೆ. ಗೋಡೆಯೂ ಮಾಡಿಗೆ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ಜಗಳ, ಕೆಮ್ಮು, ಒಗ್ಗರಣೆಯ ಘಾಟು ಎಲ್ಲ ಮೇಲಿಂದ ನಮ್ಮಲ್ಲಿಗೆ ಬರುತ್ತಿತ್ತು, ನಮ್ಮದು ಅವರಲ್ಲಿಗೆ. ಬೇಸಿಗೆಯಲ್ಲಿ ಊರಿಗೆ ಊರೇ ಹಗ್ಗದ ಮಂಚ ಹೊರಗೆಳೆದು ಮಲಗುತ್ತಿತ್ತು. ಮಾಡುಗಳೆಲ್ಲ ಒಂದೇ ಎತ್ತರ, ಒಂದು ಮನೆ ಇನ್ನೊಂದರ ಗಾಳಿಗೆ ಅಡ್ಡ ನಿಲ್ಲುತ್ತಿರಲಿಲ್ಲ. ಹಗಲು ಅದೇ ಮಂಚಗಳ ಮೇಲೆ ಪಾಪಡ್ ಒಣಗುತ್ತಿತ್ತು. ಬಂದ ಹೊಸತರಲ್ಲಿ ಸಿಂಧಿ ಸಂಸಾರಗಳನ್ನು ಸಾಕಿದ ದುಡಿಮೆಗಳಲ್ಲಿ ಇದೂ ಒಂದು. ಹೆಂಗಸರು ಲಟ್ಟಿಸುವುದು, ಗಂಡಸರು ಮಾರುವುದು, ಕಾಗೆ ಓಡಿಸುವುದು ನಮ್ಮಂಥ ಹುಡುಗರ ಪಾಲು.

ಪಕ್ಕದ ರೂಮಿನಲ್ಲಿ ಒಬ್ಬ ಮುದುಕಿ ಇದ್ದರು, ಎಲ್ಲರಿಗೂ ದಾದಿ, ಅಂದರೆ ಅಜ್ಜಿ. ಯಾರೇ ಹೊಸ್ತಿಲು ದಾಟಿದರೂ ಒಂದು ಸುಟ್ಟ ಪಾಪಡ್, ಒಂದು ಲೋಟ ನೀರು. ಮೊದಲ ಸಲ ಹೋಗಿ ಬಂದ ಅಮ್ಮ ಅಪ್ಪಯ್ಯನಿಗೆ ಹೇಳಿದ್ದು ಮನೆಯಲ್ಲಿ ಗಾದೆಯಂತೆ ಉಳಿದಿದೆ: “ನೀರಿಗೆ ಹಪ್ಪಳ ಕೊಡ್ತ್ರ್ ಕಾಣಿ! ನಮ್ಮ್ ಬದಿಗಾರೆ ಬೆಲ್ಲ.” ದಾದಿಯದು ಸಿಂಧ್‌ನ ಶಿಕಾರಪುರ. (ಅಮ್ಮ ಬಹಳ ಕಾಲ ಅದನ್ನು ಶಿವಮೊಗ್ಗದ್ದೆಂದೇ ತಿಳಿದಿದ್ದಳು.) ಅಲ್ಲಿನ ಮಾಡು ಹೊದಿಸಿದ ಬಜಾರ್, ಬಿಸಿಲೇ ಬೀಳದ ಓಣಿ, ತಮ್ಮ ಮನೆಯ ದೊಡ್ಡ ಬಾಗಿಲು, ಇವನ್ನು ಬಿಟ್ಟರೆ ದಾದಿಗೆ ಬೇರೆ ಮಾತಿಲ್ಲ. ಬ್ಯಾರಕ್ ಅವರ ಕಣ್ಣಿಗೆ ಜೈಲು. “ಎರಡು ವರ್ಷ ಅಂದಿದ್ದರು,” ಎನ್ನುತ್ತಿದ್ದರು, ಸರ್ಕಾರಕ್ಕೆ ಇನ್ನೂ ಗಡುವು ಉಳಿದಿದೆ ಎಂಬಂತೆ.

ನಮ್ಮ ಚಹಾ ಕೂಟದಲ್ಲಿ ನಾನು ಈ ದಾದಿಯನ್ನು ನಡುವೆ ತಂದರೆ ಗೆಳೆಯರಿಗೆ ಸಿಡುಕು. ನಾವು ಕಳೆದುಕೊಂಡೆವೆಂದು ಕೊರಗುವ ಊರು ದಾದಿಗೆ ತಪ್ಪಿಸಿಕೊಳ್ಳಬೇಕಾದ ಊರಾಗಿತ್ತು. ಬ್ಯಾರಕ್‌ಗಳ ನಡುವೆ ನಾವು ಆಡಿದ, ಈಗ ಹೊಗಳುವ ಬಯಲು ಸೈನ್ಯದವರು ಕವಾಯತಿಗೆಂದು ಬಿಟ್ಟದ್ದು. ಯಾರೂ ನಮ್ಮ ಆಟಕ್ಕೆಂದು ಬಿಟ್ಟದ್ದಲ್ಲ. ಹಳೆಯ ಫೋಟೋಗಳಲ್ಲಿ ಆಕಾಶ ಧಾರಾಳವಾಗಿ ಕಾಣುತ್ತದೆ. ಬೆಳಗಿನ ಜಾವ ಸಾರ್ವಜನಿಕ ಪಾಯಖಾನೆಯ ಮುಂದೆ ತಂಬಿಗೆ ಹಿಡಿದು ನಿಂತ ಹೆಂಗಸರ ಸಾಲನ್ನು ಯಾವ ಪುಣ್ಯಾತ್ಮನೂ ಫೋಟೋ ತೆಗೆದಿಟ್ಟಿಲ್ಲ. ನನ್ನ ಅಕ್ಕನ ಬಳಿ ಆಗಿನ ಉಲ್ಹಾಸನಗರ ಚೆನ್ನಾಗಿತ್ತು ಎಂದು ಹೇಳಿ ನೋಡಿ, ಉತ್ತರ ಸಿಗುತ್ತದೆ.

ತಾತ್ಕಾಲಿಕವೆಂದು ಕೊಟ್ಟ ಜಾಗ ಕಾಯಂ ಆಗಬೇಕಾದಾಗ ಏನೇನಾಗುತ್ತದೋ ಅದೆಲ್ಲ ಇಲ್ಲಿ ಆಯಿತು. ನಿರಾಶ್ರಿತರ ಪರಿಹಾರಕ್ಕೆಂದು 1954ರಲ್ಲಿ ಕಾಯ್ದೆ ಬಂತು. ರೂಮು ಹಿಡಿದಿದ್ದವರ ಕೈಗೆ ಸನದು ಬರತೊಡಗಿತು. ಸನದು ಸಿಕ್ಕವರು ಮುಂದೆ ಒಂದು ಜಗಲಿ, ಹಿಂದೆ ಒಂದು ಮೋರಿ ಕಟ್ಟಿಕೊಂಡರು. ಮಗನಿಗೆ ಮದುವೆಯಾದರೆ ಮೇಲೊಂದು ಅಟ್ಟ. ಸನದು ಇಲ್ಲದವರೂ ಕಟ್ಟಿದರು. ಊರಿಗೆ ಇರುವುದು ಹದಿಮೂರು ಚದರ ಕಿಲೋಮೀಟರ್. ಒಂದು ಕಡೆ ಕಲ್ಯಾಣ, ಇನ್ನೊಂದು ಕಡೆ ಅಂಬರನಾಥ, ಅಡ್ಡಲಾಗಿ ರೈಲು ಹಳಿ. 2011ರ ಜನಗಣತಿಯಲ್ಲಿ ಇಷ್ಟರೊಳಗೆ ಐದು ಲಕ್ಷಕ್ಕೂ ಹೆಚ್ಚು ಜನ. ಜೀನ್ಸ್ ಹೊಲಿಗೆ, ಫರ್ನಿಚರ್ ಬಜಾರ್, ಗಜಾನನ ಮಾರ್ಕೆಟ್, ಎಲ್ಲವೂ ಮನೆಗಳ ಸಂದಿಯಲ್ಲೇ. ‘ಮೇಡ್ ಇನ್ ಯುಎಸ್‌ಎ’ ಎಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಹಳೇ ಜೋಕನ್ನು ಸಿಂಧಿಗಳೇ ಹೇಳಿ ನಗುತ್ತಾರೆ. ಈ ಉದ್ದಿಮೆಗಳ ಕೊಳಕು ನೀರು ಸೇರಿ ವಾಲಧುನಿ ನದಿಗೆ ಆದದ್ದು ಮಾತ್ರ ನಗುವಂಥದ್ದಲ್ಲ.

ಸಿಂಗಾಪುರದವರಿಗೂ ಇಂಥದೇ ಹಂಬಲವಿದೆ. ಅವರದು ಕಂಪೋಂಗ್ ಎಂಬ ಮರ-ತಗಡಿನ ಕೇರಿಗಳ ಬಗ್ಗೆ. ಅಲ್ಲಿ 1961ರಲ್ಲಿ ಬುಕಿತ್ ಹೋ ಸ್ವೀ ಎಂಬ ಕೇರಿಗೆ ಬೆಂಕಿ ಬಿದ್ದು ಸುಮಾರು ಹದಿನಾರು ಸಾವಿರ ಮಂದಿ ಮನೆ ಕಳೆದುಕೊಂಡರು. ಸರ್ಕಾರ ಅದೇ ಜಾಗದಲ್ಲಿ ಫ್ಲಾಟ್ ಕಟ್ಟಿ ಅವರನ್ನು ತುಂಬಿಸಿತು. ಹಳೆಯದನ್ನು ನೆನೆದು ಕಣ್ಣೀರು ಹಾಕುವವನು ಅಲ್ಲಿ ಗಟ್ಟಿ ಸೂರಿನ ಕೆಳಗೆ ಕೂತಿರುತ್ತಾನೆ. ನಮ್ಮಲ್ಲಿ ಜನ ತಾವೇ ಕಟ್ಟಿಕೊಂಡರು, ಇಲ್ಲವೇ ಬಿಲ್ಡರನ ಮಾತು ನಂಬಿ ಕೊಂಡರು. ಅನಧಿಕೃತ ಕಟ್ಟಡಗಳ ಗೊಂದಲ ಹೈಕೋರ್ಟಿಗೆ ಹೋಗಿ, ಕೊನೆಗೆ 2006ರಲ್ಲಿ ಮಹಾರಾಷ್ಟ್ರ ಸರ್ಕಾರ ಉಲ್ಹಾಸನಗರ ಒಂದಕ್ಕೇ ಪ್ರತ್ಯೇಕ ಸಕ್ರಮ ಕಾಯ್ದೆ ಮಾಡಬೇಕಾಯಿತು. 2021ರ ಮೇ ತಿಂಗಳೊಂದರಲ್ಲೇ ಎರಡು ಕಟ್ಟಡಗಳ ಸ್ಲ್ಯಾಬ್ ಮಹಡಿ ಮೇಲೆ ಮಹಡಿ ಕುಸಿದು ಜನ ಸತ್ತರು. ಎರಡೂ 1990ರ ದಶಕದವು, ಅಂದರೆ ನಮ್ಮ ಲೆಕ್ಕದಲ್ಲಿ ಹೊಸ ಕಟ್ಟಡಗಳು.

ದಾದಿಯವರ ಕಾಲದ್ದರಲ್ಲಿ ಗಟ್ಟಿಯಾಗಿ ಉಳಿದಿರುವುದು ಐದನೇ ಕ್ಯಾಂಪಿನ ಚಾಲಿಯಾ ಮಂದಿರ. ಅಲ್ಲಿ ಉರಿಯುವ ಜ್ಯೋತಿ ಸಿಂಧ್‌ನಿಂದ ಬಂದದ್ದೆಂದು ಭಕ್ತರು ಹೇಳುತ್ತಾರೆ. ಮಳೆಗಾಲದಲ್ಲಿ ಸಿಂಧಿಗಳ ದೈವ ಝೂಲೇಲಾಲನ ನಲವತ್ತು ದಿನದ ವ್ರತ ಮುಗಿಯುವಾಗ ಊರು ರಸ್ತೆಗಿಳಿಯುತ್ತದೆ. ಬ್ಯಾರಕ್ ಕಾಣದ ಮಕ್ಕಳೂ, ಸಿಂಧ್ ಕಾಣದ ಅವರ ಅಪ್ಪಂದಿರೂ ಅದರಲ್ಲಿರುತ್ತಾರೆ.

ನನ್ನ ಮಗಳಿಗೆ ಬ್ಯಾರಕ್‌ಗಳ ಮಾತೆಂದರೆ ಆಕಳಿಕೆ. ಅವಳ ‘ಆಗಿನ ಉಲ್ಹಾಸನಗರ’ ಬೇರೆ: ಜಪಾನಿ ಬಜಾರಿನಲ್ಲಿ ಚೌಕಾಸಿ ಮಾಡಿ ಕೊಂಡ ಲೆಹಂಗಾ, ಭಾನುವಾರದ ದಾಲ್ ಪಕ್ವಾನ್, ನಾವು ಮೂರನೇ ಮಹಡಿಯಲ್ಲಿದ್ದ ಕಟ್ಟಡದ ಟೆರೇಸಿನಲ್ಲಿ ಗಾಳಿಪಟ. ಯಾವ ಕಟ್ಟಡಗಳು ಬಂದು ಊರು ಕೆಟ್ಟಿತೆಂದು ನಾನು ಬೈಯುತ್ತೇನೋ ಅವೇ ಅವಳ ಬಾಲ್ಯ. ಆ ಕಟ್ಟಡಕ್ಕೆ ಈಗ ‘ಅಪಾಯಕಾರಿ’ ಎಂಬ ನೋಟಿಸು ಅಂಟಿದೆ. ಅಲ್ಲಿ ಉಳಿದಿರುವ ಕುಟುಂಬಗಳು ಖಾಲಿ ಮಾಡಲು ಒಪ್ಪುತ್ತಿಲ್ಲ. ಮರಳಿ ಕಟ್ಟಿಕೊಡುತ್ತೇವೆಂದು ಬರೆದುಕೊಡಿ, ಸ್ವಲ್ಪ ದಿನ ಎಂಬ ಮಾತು ಬೇಡ ಎನ್ನುತ್ತಿದ್ದಾರೆ.